ನಾಳೆಪ್ಪನ ವಕೀಲ

ಸಾಹುಕಾರ ಚಾಂಪಿಯನ್ ಆದ ಭಾನುವಾರ ಸೀಟಣ್ಣನಿಗೆ ಏನೂ ಅನ್ನಿಸಲಿಲ್ಲ. ಇಷ್ಟು ವರ್ಷ ಯಾವ ಗಳಿಗೆಗಾಗಿ ಗಂಟಲು ಹರಿದುಕೊಂಡಿದ್ದನೋ ಆ ಗಳಿಗೆ ಟೈರ್ ಅಂಗಡಿಯ ಟೀವಿಯಲ್ಲಿ ಬಂತು, ಹೋಯಿತು. ಸಾಹುಕಾರ ಗೆರೆ ದಾಟಿ, ಓಡುತ್ತಿದ್ದ ಬೈಕಿನ ಮೇಲೆ ಎದ್ದು ನಿಂತು ಎರಡೂ ಕೈ ಮೇಲೆತ್ತಿದ. ಜೊತೆಗೆ ರೇಸು ನೋಡುತ್ತಿದ್ದ ಕೊರಿಯರಿನವನು ಸೀಟಣ್ಣನ ಬೆನ್ನಿಗೊಂದು ಗುದ್ದು ಕೊಟ್ಟ. ಕಾಂಪೌಂಡರ್ ಎದ್ದು ಬಂದು, ಮದುವೆಗೆ ಬಂದವರ ಹಾಗೆ ಕೈ ಕುಲುಕಿದ. ಸೀಟಣ್ಣ 'ಹ್ಞೂಂ' ಅಂದು ಕೈಯಲ್ಲಿದ್ದ ಟೀ ಲೋಟದೊಳಗೆ ನೋಡಿದ. ಲೋಟ ಖಾಲಿಯಾಗಿತ್ತು. ಕುಡಿದ ನೆನಪು ಇರಲಿಲ್ಲ.

ಸಾಹುಕಾರ ಅನ್ನುವುದು ಆ ಸವಾರನ ಹೆಸರಲ್ಲ. ರೇಸಿನ ಸವಾರರಿಗೆಲ್ಲ ಅವರವರ ಅಪ್ಪ ಅಮ್ಮ ಇಟ್ಟ ಹೆಸರುಗಳಿದ್ದರೂ ಈ ಅಂಗಡಿಯಲ್ಲಿ ಅವು ನಡೆಯುವುದಿಲ್ಲ. ಇಲ್ಲಿ ಹೆಸರಿಡುವುದು ಎದುರಾಳಿಯ ಹಕ್ಕು. ದೊಡ್ಡ ಕಂಪನಿಯ ತಂಡ, ಹೆಲ್ಮೆಟ್ಟಿನಿಂದ ಬೂಟಿನ ಹಿಮ್ಮಡಿಯವರೆಗೆ ಪ್ರಾಯೋಜಕರ ಸ್ಟಿಕ್ಕರು, ಒಂದು ಬೈಕು ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ತಯಾರು. ಇದನ್ನೆಲ್ಲ ನೋಡಿ ಸೀಟಣ್ಣನ ಮೆಚ್ಚಿನ ಸವಾರನಿಗೆ ಸಾಹುಕಾರ ಎಂದು ಹೆಸರಿಟ್ಟವನು ಭಾವ, ಅಂದರೆ ಸೀಟಣ್ಣನ ಅಕ್ಕನ ಗಂಡ, ಈ ಟೈರ್ ಅಂಗಡಿಯ ಯಜಮಾನ. ಅದಕ್ಕೆ ಬದಲಾಗಿ ಭಾವನ ಸವಾರನಿಗೆ ಸೀಟಣ್ಣ ಇಟ್ಟ ಹೆಸರು ನಾಳೆಪ್ಪ. ಯಾಕೆಂದರೆ ಆ ಮನುಷ್ಯ ತನ್ನ ಜನ್ಮದಲ್ಲಿ ಒಂದು ರೇಸೂ ಗೆದ್ದವನಲ್ಲ, ಮತ್ತು ಕೇಳಿದಾಗಲೆಲ್ಲ ಭಾವ, 'ನಾಳೆ ನೋಡು' ಅನ್ನುತ್ತಿದ್ದ.

ಭಾವ ತೀರಿಕೊಂಡು ಆಗ ಅರ್ಧ ವರ್ಷ ಕಳೆದಿತ್ತು.

ಸೀಟಣ್ಣನದು ಟೈರ್ ಅಂಗಡಿಗೆ ಅಂಟಿಕೊಂಡೇ ಇರುವ ಚಿಕ್ಕ ಅಂಗಡಿ. ಬೈಕಿನ ಸೀಟು ಹೊಲಿಯುವುದು ಅವನ ಕಸುಬು. ಹರಿದ ಸೀಟು ಬಿಚ್ಚಿ, ಕುಸಿದ ಫೋಮು ಕಿತ್ತು, ಹೊಸದನ್ನು ಕತ್ತರಿಸಿ ಅಂಟಿಸಿ, ಮೇಲೆ ರೆಕ್ಸಿನ್ ಎಳೆದು ಸುತ್ತಲೂ ಪಿನ್ನು ಹೊಡೆಯಬೇಕು. ಆ ಎಳೆಯುವುದರಲ್ಲೇ ಇದೆ ಎಲ್ಲ. ಸಡಿಲ ಬಿಟ್ಟರೆ ಸುಕ್ಕು ಬೀಳುತ್ತದೆ, ಅತಿಯಾಗಿ ಬಿಗಿದರೆ ಹೊಲಿಗೆ ಬಾಯಿ ಬಿಡುತ್ತದೆ. ಹೆಸರು ಹಿಡಿದು ಅವನನ್ನು ಕರೆಯುವವರು ಬೀದಿಯಲ್ಲಿ ಯಾರೂ ಉಳಿದಿಲ್ಲ. ಚಿಕ್ಕವರಿಗೆ ಸೀಟಣ್ಣ, ದೊಡ್ಡವರಿಗೂ ಸೀಟಣ್ಣ.

ಅವನು ಈ ಮನೆಗೆ ಬಂದದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ. ತಾಯಿ ಹೋದ ಮೇಲೆ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಅಕ್ಕನ ಮನೆಗೆ ಬಂದ. ಮನೆಯೆಂದರೆ ಟೈರ್ ಅಂಗಡಿಯ ಹಿಂದಿನ ಎರಡು ಕೋಣೆ. ಅಂಗಡಿಗೂ ಮನೆಗೂ ನಡುವೆ ಇರುವುದು ಪ್ಲೈವುಡ್ಡಿನ ಅಡ್ಡಗೋಡೆ, ದಾಟುವಲ್ಲಿ ಒಂದು ಪರದೆ. ಬಂದ ಹುಡುಗ ತುಟಿ ಪಿಟಕ್ಕೆನ್ನಲಿಲ್ಲ. ಊಟಕ್ಕೆ ಕರೆದರೆ ಬಂದು ಉಣ್ಣುತ್ತಿದ್ದ, ಮಲಗು ಅಂದರೆ ಮಲಗುತ್ತಿದ್ದ. ಅಕ್ಕ ಮುದ್ದು ಮಾಡಿದಳು, ಗದರಿದಳು, ಯಾರೋ ಹೇಳಿದ ಡಾಕ್ಟರಿಗೂ ತೋರಿಸಿದಳು. ಭಾವ ಮಾತ್ರ ಅವನನ್ನು ಏನೂ ಕೇಳಲಿಲ್ಲ.

ಹಾಗೇ ಒಂದು ಭಾನುವಾರ ಭಾವ ಟ್ಯೂಬಿಗೆ ಪ್ಯಾಚು ಹಾಕುತ್ತಾ ರೇಸು ನೋಡುತ್ತಿದ್ದ. ಟೀವಿಯಲ್ಲಿ ಎಲ್ಲರಿಗಿಂತ ಹಿಂದೆ ನಿಂತಿದ್ದ, ಮುಂದೆ ನಾಳೆಪ್ಪನಾಗಲಿದ್ದ ಹೊಸ ಸವಾರನನ್ನು ತೋರಿಸಿ, 'ಮುಂದಿನ ಚಾಂಪಿಯನ್ ಇವನೇ, ಬೇಕಾದ್ರೆ ಬರೆದಿಟ್ಕೋ' ಅಂದ. ಪೆಟ್ಟಿಗೆಯ ಮೇಲೆ ಕೂತಿದ್ದ ಭಾಮೈದನಿಗೆ ತಡೆಯಲಾಗಲಿಲ್ಲ.

'ಇವನಾ? ಇವನಿಗೆ ತಿರುವಲ್ಲಿ ಬ್ರೇಕ್ ಹಿಡಿಯೋಕೇ ಬರಲ್ಲ.'

ಆ ಮನೆಯಲ್ಲಿ ಅವನು ಪೂರ್ತಿಯಾಗಿ ಆಡಿದ ಮೊದಲ ಮಾತು ಅದು. ಭಾವ ತಲೆಯೆತ್ತದೆ ಜಗಳಕ್ಕೆ ನಿಂತ. ಟ್ಯೂಬಿನ ಪ್ಯಾಚು ಒಣಗಿ, ಗಿರಾಕಿ ಬಂದು ಒಯ್ದು, ಬೀದಿಯ ದೀಪ ಹತ್ತುವವರೆಗೂ ಆ ಜಗಳ ಮುಗಿಯಲಿಲ್ಲ. ಆಮೇಲೂ ಮುಗಿಯಲಿಲ್ಲ ಅನ್ನಿ. ಹುಡುಗ ಗಂಡಸಾದ, ಸೀಟು ಹೊಲಿಯುವುದು ಕಲಿತ, ಪಕ್ಕದಲ್ಲೇ ಅಂಗಡಿ ಇಟ್ಟ, ಎರಡು ಬೀದಿ ಆಚೆ ಕೋಣೆ ಹಿಡಿದ. ರೇಸಿನ ಭಾನುವಾರ ಬಂತೆಂದರೆ ಮಾತ್ರ ಊಟ ಅಕ್ಕನ ಮನೆಯಲ್ಲಿ, ಜಗಳ ಭಾವನ ಜೊತೆ.

ಬರಬರುತ್ತಾ ಇನ್ನಿಬ್ಬರು ಸೇರಿದರು. ಔಷಧಿ ಅಂಗಡಿಯ ಕಾಂಪೌಂಡರಿಗೆ ಸವಾರರೆಂದರೆ ಅಷ್ಟಕ್ಕಷ್ಟೆ, ಅವನು ತಂಡದ ಮನುಷ್ಯ. ಸವಾರ ಬಾಡಿಗೆಗೆ ಬಂದವನು, ತಂಡ ಮನೆಯ ಯಜಮಾನ ಎಂದು ಅವನ ವಾದ. ಪಾರ್ಸೆಲ್ ಹಂಚುವ ಕೊರಿಯರಿನವನಿಗೆ ಎರಡೂ ಬೇಡ. ಬೈಕು ಓಡುವುದು ಪೆಟ್ರೋಲಿನಿಂದಲ್ಲ, ಸ್ಟಿಕ್ಕರಿನಿಂದ ಅನ್ನುತ್ತಿದ್ದ. ಯಾರ ಮೈಮೇಲೆ ಎಷ್ಟು ಪ್ರಾಯೋಜಕರು ಅಂಟಿದ್ದಾರೆಂದು ನೋಡಿದರೆ ಸಾಕು, ರೇಸು ನೋಡಬೇಕಾಗಿಯೇ ಇಲ್ಲ. ಭಾವ ಇಬ್ಬರನ್ನೂ ಒಂದೇ ಉಸಿರಿಗೆ ಝಾಡಿಸುತ್ತಿದ್ದ. ಸಾಹುಕಾರನ ಬೈಕಿನ ಮೇಲೆ ನಿಮ್ಮಜ್ಜಿಯನ್ನು ಕೂರಿಸಿದರೂ ಗೆಲ್ಲುತ್ತಾಳೆ, ನಾಳೆಪ್ಪನ ಬೈಕಿನ ಮೇಲೆ ಸಾಹುಕಾರನನ್ನು ಕೂರಿಸಿ ನೋಡಿ, ಮೊದಲ ತಿರುವಿಗೇ ಅಮ್ಮಾ ಅನ್ನುತ್ತಾನೆ ಎನ್ನುತ್ತಿದ್ದ. ಗಲಾಟೆ ವಿಪರೀತವಾದರೆ ಅಕ್ಕ ಒಳಗಿಂದ ಟೈರ್ ಬಿಚ್ಚುವ ಕಬ್ಬಿಣದ ಪಟ್ಟಿಯಲ್ಲಿ ಅಡ್ಡಗೋಡೆಗೆ ಗುದ್ದುತ್ತಿದ್ದಳು. ಅರೆಗಳಿಗೆ ತಣ್ಣಗಾಗಿ ಮತ್ತೆ ಶುರುವಾಗುತ್ತಿತ್ತು.

ಈ ಅಂಗಡಿಯಲ್ಲಿ ಒಂದು ಕಾನೂನಿತ್ತು, ಮಾಡಿದವನು ಭಾವ. ಪ್ರತಿ ಸವಾರನಿಗೂ ಇಲ್ಲಿ ಒಬ್ಬ ವಕೀಲ. ವಕೀಲ ಎದುರಿಗಿದ್ದರೆ ಅವನ ಸವಾರನನ್ನು ಎಷ್ಟು ಬೇಕಾದರೂ ಬೈಯಬಹುದು. ವಕೀಲ ಬಂದಿಲ್ಲವೋ, ಆ ಸವಾರನ ಮಾತು ಎತ್ತುವ ಹಾಗಿಲ್ಲ. ಬೆನ್ನ ಹಿಂದೆ ಆಡುವುದು ಗಂಡಸರ ಕೆಲಸವಲ್ಲ ಎಂದು ಭಾವನ ತೀರ್ಪು. ಕೊರಿಯರಿನವನು ಜ್ವರ ಬಂದು ಮಲಗಿದ್ದಾಗ, ಸ್ಟಿಕ್ಕರು ಎಣಿಸಿ ಅವನು ಆರಿಸಿಕೊಂಡಿದ್ದ ಸವಾರ ಮೂರು ಪಲ್ಟಿ ಹೊಡೆದು ಬಿದ್ದ. ಮೂವರೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದು, ಆಮೇಲೆ ಅವನ ಮನೆಗೇ ಹೋಗಿ, ಹಾಸಿಗೆಯ ಪಕ್ಕ ನಿಂತು ಮನಸಾರೆ ಬೈದು ಬಂದಿದ್ದರು.

ಸೀಟಣ್ಣನ ಬಳಿ ಒಂದು ಕೊನೆಯ ಅಸ್ತ್ರವಿತ್ತು. ವಾದದಲ್ಲಿ ಎಲ್ಲ ಮುಗಿದ ಮೇಲೆ ಅದನ್ನು ತೆಗೆಯುತ್ತಿದ್ದ. 'ಅವನ ಹೆಲ್ಮೆಟ್ ಮೇಲೆ ತನ್ನ ಹೆಸರು ಹಾಕ್ಸೋಕೆ ಕಾಸು ಕೊಡೋ ಒಬ್ಬ ಮನುಷ್ಯ ಭೂಮಿ ಮೇಲಿಲ್ಲ. ಅವರಿಗೆಲ್ಲ ಗೊತ್ತಿರೋದು ನಿಮಗೊಬ್ಬರಿಗೆ ಗೊತ್ತಿಲ್ವಾ, ಭಾವ?' ಇದಕ್ಕೆ ಭಾವ ಒಮ್ಮೆಯೂ ಉತ್ತರ ಕೊಟ್ಟವನಲ್ಲ. 'ತಡಿ, ನೀರು ಕುಡ್ದು ಬರ್ತೀನಿ' ಅಂದು ಎದ್ದು ಪರದೆಯ ಆಚೆ ಹೋಗುತ್ತಿದ್ದ. ಹೊರಗೆ ಮೂವರೂ ಗೆದ್ದೆವೆಂದು ಬಿದ್ದು ಬಿದ್ದು ನಗುತ್ತಿದ್ದರು. ಬಾಯಿ ಒರೆಸಿಕೊಂಡು ಬಂದ ಭಾವ ತನ್ನ ಜಾಗದಲ್ಲಿ ಕೂತು, 'ನಾಳೆ ನೋಡಿ' ಅನ್ನುತ್ತಿದ್ದ. ಆ ಜಾಗವೆಂದರೆ ಒಂದರ ಮೇಲೊಂದು ಪೇರಿಸಿದ ಹಳೆಯ ಟೈರು, ಮೇಲೆ ಸೀಟಣ್ಣನೇ ಹೊಲಿದುಕೊಟ್ಟ ಕಪ್ಪು ರೆಕ್ಸಿನ್ನಿನ ದಿಂಬು.

ಅರ್ಧ ವರ್ಷದ ಹಿಂದೆ ಒಂದು ಬೆಳಿಗ್ಗೆ ಲಾರಿಯೊಂದರ ಚಕ್ರ ಬಿಚ್ಚುತ್ತಿದ್ದ ಭಾವ ಎದೆ ಹಿಡಿದುಕೊಂಡು ನೆಲದ ಮೇಲೆ ಕೂತ. ಸಂಜೆಯ ಹೊತ್ತಿಗೆ ಆಸ್ಪತ್ರೆಯವರು ಅವನ ಅಂಗಿ, ವಾಚು, ಜೇಬಿನಲ್ಲಿದ್ದ ವಾಲ್ವ್ ಮುಚ್ಚಳಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಟಣ್ಣನ ಕೈಗೆ ಕೊಟ್ಟರು. ಚೀಲ ಹಗುರವಾಗಿತ್ತು. ಆಗಬೇಕಾದ್ದನ್ನೆಲ್ಲ ಅವನೇ ಓಡಾಡಿ ಮಾಡಿದ. ಅಳಲಿಲ್ಲ. ಆ ವಾರವೇ ಒಪ್ಪಿಕೊಂಡಿದ್ದ ಎರಡು ಸೀಟು ಹೊಲಿದುಕೊಟ್ಟ. ಗಟ್ಟಿ ಮನುಷ್ಯ ಎಂದು ಬೀದಿಯವರು ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಏನೂ ತಟ್ಟುತ್ತಿರಲಿಲ್ಲ, ಅಷ್ಟೆ. ಒಮ್ಮೆ ಹೊಲಿಯುವ ದಬ್ಬಣ ಹೆಬ್ಬೆರಳಿಗೆ ಹೊಕ್ಕಿತು. ಬಿಳಿ ರೆಕ್ಸಿನ್ನಿನ ಮೇಲೆ ಕೆಂಪಾದಾಗಲೇ ಅವನಿಗೆ ಗೊತ್ತಾದದ್ದು. ಒರೆಸಿ, ಚಿಂದಿ ಸುತ್ತಿಕೊಂಡು ಹೊಲಿಗೆ ಮುಂದುವರಿಸಿದ. ಗಿರಾಕಿಗಳ ಜೊತೆ ಎರಡು ಮಾತು ಸಾಕಾಗುತ್ತಿತ್ತು, ಅಕ್ಕನ ಜೊತೆ ಒಂದು.

ಅಕ್ಕ ಅಂಗಡಿ ಮುಚ್ಚಲಿಲ್ಲ. ಇಷ್ಟು ವರ್ಷ ನೋಡಿ ನೋಡಿ ಬಂದ ಕೆಲಸವನ್ನೇ ಕೈಗೆ ತೆಗೆದುಕೊಂಡಳು. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುವುದು, ಉಜ್ಜುವುದು, ಅಂಟು ಬಳಿದು ಪ್ಯಾಚು ಒತ್ತುವುದು ಅವಳಿಗೆ ಸಲೀಸು. ಲಾರಿ ಚಕ್ರಗಳನ್ನು ಮಾತ್ರ ಬೇರೆ ಅಂಗಡಿಗೆ ಕಳಿಸುತ್ತಿದ್ದಳು. ರೇಸಿನ ಭಾನುವಾರ ಎಂದಿನಂತೆ ಸ್ಟೂಲು ಹಾಕಿ, ಟೀವಿ ಹಚ್ಚಿ, ಟೀ ಇಟ್ಟು ಒಳಗೆ ಹೋಗುತ್ತಿದ್ದಳು. ಮೂವರೂ ಬರುತ್ತಿದ್ದರು. ಟೈರಿನ ಮೇಲಿನ ದಿಂಬು ಖಾಲಿ.

ಬಂದವರು ಕಾನೂನು ಪಾಲಿಸಿದರು. ವಕೀಲನಿಲ್ಲ, ಆದ್ದರಿಂದ ನಾಳೆಪ್ಪನ ಮಾತಿಲ್ಲ. ಟೀವಿಯಲ್ಲಿ ಅವನು ಕಾಣಿಸಿಕೊಂಡರೆ ಕಾಂಪೌಂಡರ್ ಚಪ್ಪಲಿ ನೋಡುತ್ತಿದ್ದ, ಕೊರಿಯರಿನವನು ಫೋನು. ನಾಳೆಪ್ಪನ ಬಗ್ಗೆ ಬಾಯಿ ಕಟ್ಟಿದ ಮೇಲೆ ಸಾಹುಕಾರನ ಬಗ್ಗೆ ಆಡುವುದಕ್ಕೂ ಏನೂ ಉಳಿಯಲಿಲ್ಲ. ಅಷ್ಟರಲ್ಲಿ ಸುದ್ದಿ ಬಂತು. ನಾಳೆಪ್ಪನ ತಂಡಕ್ಕೆ ದುಡ್ಡು ಹಾಕುತ್ತಿದ್ದ ಬಣ್ಣದ ಕಂಪನಿಯೊಂದು ಕೈ ಬಿಟ್ಟಿದೆ. ಮುಂದಿನ ಸೀಸನ್ನಿಗೆ ತನ್ನ ಪ್ರಾಯೋಜಕರನ್ನು ತಾನೇ ಕರೆತರುವ ಎಳೆಯನೊಬ್ಬನನ್ನು ತಂಡ ಗೊತ್ತು ಮಾಡಿಕೊಂಡಿದೆ. ಕೊರಿಯರಿನವನು ಅದನ್ನು ಓದಲು ಬಾಯಿ ತೆರೆದ, ಕಾಂಪೌಂಡರ್ ಅವನ ತೊಡೆ ಚಿವುಟಿದ. ಒಳ್ಳೆಯ ಜನ, ಆದರೆ ನನ್ನನ್ನು ಕೇಳಿದರೆ, ಒಳ್ಳೆಯ ಜನ ಸೇರಿ ಮರ್ಯಾದೆಗೆಂದು ಸುಮ್ಮನಾದಾಗ ಆಗುವಷ್ಟು ಹಿಂಸೆ ಕೆಟ್ಟವರ ಬೈಗುಳದಿಂದ ಆಗುವುದಿಲ್ಲ.

ಸೀಸನ್ನಿನ ಒಂದು ರೇಸು ಬಾಕಿಯಿದ್ದಾಗಲೇ ಅಂಕಗಳ ಬಲದಲ್ಲಿ ಸಾಹುಕಾರ ಚಾಂಪಿಯನ್ ಆದ ಆ ಭಾನುವಾರ, ಇಬ್ಬರೂ ಹೋದ ಮೇಲೆ, ಅಕ್ಕ ಸೀಟಣ್ಣನಿಗೆ ಊಟ ಬಡಿಸಿ ಎದುರಿಗೆ ಕೂತಳು.

'ಕೊನೆ ರೇಸ್ ಆದ ಮೇಲೆ ಈ ಟೀವಿನ ಕಾಂಪೌಂಡರ್ ತಗೊಂಡು ಹೋಗ್ತಾನೆ. ಹೇಳಿದೀನಿ,' ಅಂದಳು.

ಸೀಟಣ್ಣ ಯಾಕೆಂದು ಕೇಳಿದ.

'ಯಾಕಂದ್ರೆ? ಮೂರು ಜನ ಬರ್ತೀರಿ, ಆಸ್ಪತ್ರೆ ಬೆಂಚ್ ಮೇಲೆ ಕೂತ ಹಾಗೆ ಕೂತ್ಕೊಂಡು ಎದ್ದು ಹೋಗ್ತೀರಿ. ಅವರ ಸವಾರನ ಹೆಸರೂ ಎತ್ತಲ್ಲ. ಮರೆತ್ರಿ ಅಂದ್ಕೊಂಡೆ. ಮರೀರಿ, ಬೇಡ ಅನ್ನಲ್ಲ. ಆದ್ರೆ ನನ್ನ ಗೋಡೆ ಆಚೆ ಕೂತು ಮರೀಬೇಡಿ.'

ಅನ್ನದಲ್ಲಿದ್ದ ಕೈ ಅಲ್ಲೇ ನಿಂತಿತು. ಸೀಟಣ್ಣ ನಿಧಾನವಾಗಿ ಹೇಳಿದ, ಮರೆತಿಲ್ಲ, ವಕೀಲ ಇಲ್ಲದಾಗ ಸವಾರನ ಮಾತು ಎತ್ತುವ ಹಾಗಿಲ್ಲ, ಅದು ಭಾವನೇ ಮಾಡಿದ ಕಾನೂನು.

ಅಕ್ಕ ಅವನ ಮುಖವನ್ನೇ ನೋಡಿದಳು. 'ವಕೀಲ ಸತ್ರೆ ಕೇಸ್ ಮುಚ್ಚಿಬಿಡ್ತಾರಾ? ಇನ್ನೊಬ್ಬ ವಕೀಲನ್ನ ಇಡಲ್ವಾ?' ಅಂದಳು. ಆಮೇಲೆ, ತಟ್ಟೆಯ ಅಂಚು ಒರೆಸುತ್ತಾ, ಇನ್ನೂ ಒಂದು ಮಾತು ಹೇಳಿದಳು. ಆ ಗಲಾಟೆಯಲ್ಲೇ ತನಗೆ ಭಾನುವಾರದ ಮಧ್ಯಾಹ್ನ ಕಣ್ಣು ಹತ್ತುತ್ತಿತ್ತು. ಮನೆಯಲ್ಲಿ ಎಲ್ಲ ಸರಿಯಿದೆ ಅನ್ನಿಸುತ್ತಿತ್ತು. ಈಗ ಸೂರು ನೋಡುತ್ತಾ ಬಿದ್ದಿರುತ್ತಾಳಂತೆ.

ಅದನ್ನು ಕೇಳಿ ಸೀಟಣ್ಣನಿಗೆ ಸಂಕಟವಾಗಬೇಕಿತ್ತು. ಆಗಲಿಲ್ಲ. ಸಂಕಟವಾಗಬೇಕಿತ್ತು ಎಂದು ತಿಳಿಯಿತು, ಅಷ್ಟೆ. ಕೈ ತೊಳೆದು ತನ್ನ ಕೋಣೆಗೆ ಹೋದ. ಆ ಟೀವಿ ಹೋದರೆ ಭಾನುವಾರ ಹೋಗುತ್ತದೆ, ಭಾನುವಾರ ಹೋದರೆ ಆ ಮನೆಯಲ್ಲಿ ಭಾವ ಇದ್ದದ್ದಕ್ಕೆ ಉಳಿಯುವುದು ಪೇರಿಸಿದ ಹಳೆಯ ಟೈರು ಮಾತ್ರ ಎಂಬ ಯೋಚನೆ ಅವನ ಜೊತೆಗೇ ಹೋಯಿತು.

ಕೊನೆಯ ರೇಸಿನ ದಿನ ಅವನು ಎಲ್ಲರಿಗಿಂತ ಮೊದಲು ಬಂದ. ಕಾಂಪೌಂಡರ್ ಟೀವಿ ಸುತ್ತಿಕೊಂಡು ಹೋಗಲು ಹಳೆಯ ಹೊದಿಕೆಯನ್ನೂ ತಂದಿದ್ದ, ಅದನ್ನು ನಾಚಿಕೆಯಿಂದ ಸ್ಟೂಲಿನ ಕೆಳಗೆ ತುರುಕಿದ. ಕೊರಿಯರಿನವನು ಬಂದು ಕೂತ. ಅವನು ತಲೆಯೆತ್ತುವ ಹೊತ್ತಿಗೆ ಸೀಟಣ್ಣ ತನ್ನ ಸ್ಟೂಲು ಬಿಟ್ಟು, ಟೈರುಗಳ ಮೇಲಿನ ಕಪ್ಪು ದಿಂಬಿನ ಮೇಲೆ ಕೂತಾಗಿತ್ತು.

ಟೀವಿಯಲ್ಲಿ ಸವಾರರು ಸಾಲಾಗಿ ನಿಲ್ಲುತ್ತಿದ್ದರು. ಕೊನೆಯ ಸಾಲಿನಲ್ಲಿ ನಾಳೆಪ್ಪ. ಅವನ ಹೆಲ್ಮೆಟ್ಟು ಎಂದಿನಂತೆ ಬೋಳು, ಈಗ ಬೈಕಿನ ಮೇಲೂ ಬಣ್ಣದ ಕಂಪನಿಯ ಹೆಸರು ಕಿತ್ತ ಜಾಗ ಬೋಳಾಗಿ ಕಾಣುತ್ತಿತ್ತು. ಇದೇ ಅವನ ಕೊನೆಯ ಓಟ.

'ವಕೀಲ ಬಂದಿದಾನೆ. ಬೈಯಿರಿ,' ಅಂದ ಸೀಟಣ್ಣ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಕಾಂಪೌಂಡರ್ ಗಂಟಲು ಸರಿ ಮಾಡಿಕೊಂಡು, ಪಾಪ, ವಯಸ್ಸಾಯಿತು ಅವನಿಗೆ, ಇಷ್ಟು ದಿನ ಓಡಿಸಿದ್ದೇ ಹೆಚ್ಚು ಎಂದು ಸಂತಾಪ ಸೂಚಿಸುವ ದನಿಯಲ್ಲಿ ಹೇಳಿದ. ಸೀಟಣ್ಣನಿಗೆ ಅದು ಸರಿ ಬರಲಿಲ್ಲ. ಇದು ಬೈಗುಳವಾ, ಇಷ್ಟಕ್ಕೆ ವಕೀಲ ಯಾಕೆ ಬೇಕು ಎಂದು ಕೇಳಿದ. ಆಗ ಕೊರಿಯರಿನವನು, ಬೈದರೆ ಬೈದುಬಿಡೋಣ ಎಂದುಕೊಂಡನೇನೋ, ತಿರುವಿನಲ್ಲಿ ಬ್ರೇಕ್ ಹಿಡಿಯಲು ಬಾರದವನು ಎಂದ.

ಆ ಮಾತು ಯಾರದೆಂದು ಸೀಟಣ್ಣನಿಗೆ ಗೊತ್ತಿತ್ತು. ಪೆಟ್ಟಿಗೆಯ ಮೇಲೆ ಕೂತಿದ್ದ ಹುಡುಗನದು. ಅದಕ್ಕೆ ಭಾವ ಕೊಟ್ಟ ಉತ್ತರವೂ ಗೊತ್ತಿತ್ತು, ಅದನ್ನೇ ಕೊಟ್ಟ. ಬ್ರೇಕು ಸವಾರನದಲ್ಲ, ತಂಡದ್ದು, ಹಳೆಯ ಬೈಕು ಕೊಟ್ಟು ಹೊಸ ಓಟ ಕೇಳುವವರನ್ನು ಬೈಯಿರಿ. ತಂಡದ ಮಾತು ಬಂದದ್ದೇ ಕಾಂಪೌಂಡರ್ ಸಂತಾಪ ಮರೆತು ಎದ್ದು ನಿಂತ. ತಂಡ ಏನು ಮಾಡೀತು, ಪ್ರಾಯೋಜಕರು ಬರಬೇಕಲ್ಲ ಎಂದ. ಪ್ರಾಯೋಜಕರು ಬರಲು ಗೆಲ್ಲಬೇಕು ಎಂದ ಕೊರಿಯರಿನವನು. ಗೆಲ್ಲಲು ಬೈಕು ಬೇಕು, ಬೈಕಿಗೆ ದುಡ್ಡು ಬೇಕು, ದುಡ್ಡಿಗೆ ಮತ್ತೆ ಗೆಲ್ಲಬೇಕು, ಇದೇನು ಗಾಣವಾ ಎಂದು ಸೀಟಣ್ಣ ಕೇಳಿದ. ಅವರ ಅಜ್ಜಿಯಂದಿರನ್ನು ಸಾಹುಕಾರನ ಬೈಕಿನ ಮೇಲೂ ಕೂರಿಸಿದ. ತನ್ನ ಸ್ವಂತ ಸಾಹುಕಾರನನ್ನು ತಾನೇ ಅಂಗಡಿಯ ತುಂಬ ಹೀಯಾಳಿಸಿದ. ಬಾಯಿಗೆ ಬರುತ್ತಿದ್ದುದೆಲ್ಲ ಭಾವನ ಮಾತು. ದನಿ ಏರಿತು. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. ಆದರೂ ಒಳಗೆ ಅವನಿಗೆ ಏನೂ ಅನ್ನಿಸಲಿಲ್ಲ. ಕಲಿತ ಪಾಠ ಒಪ್ಪಿಸುತ್ತಿದ್ದ, ಅಷ್ಟೆ.

ಆಗ ಕೊರಿಯರಿನವನು ಆ ಕೊನೆಯ ಅಸ್ತ್ರ ತೆಗೆದ. ಅವನೇನೂ ಬೇಕೆಂದು ಮಾಡಲಿಲ್ಲ, ಇಷ್ಟು ವರ್ಷ ಕೇಳಿ ಕೇಳಿ ಬಾಯಿಗೆ ಬಂತು.

'ಅವನ ಹೆಲ್ಮೆಟ್ ನೋಡಿ, ಒಂದು ಹೆಸರಿಲ್ಲ. ಎಲ್ಲರಿಗೂ ಗೊತ್ತಿರೋದು ನಿಮಗೊಬ್ಬರಿಗೆ ಗೊತ್ತಿಲ್ವಾ, ಸೀಟಣ್ಣ?'

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಸೀಟಣ್ಣ ಬಾಯಿ ತೆರೆದ. ಭಾವನ ಎಲ್ಲ ಮಾತೂ ಅವನಿಗೆ ಬಾಯಿಪಾಠ, ಇದೊಂದಕ್ಕೆ ಮಾತ್ರ ಭಾವ ಏನೂ ಬಿಟ್ಟು ಹೋಗಿರಲಿಲ್ಲ.

'ತಡಿ, ನೀರು ಕುಡ್ದು ಬರ್ತೀನಿ,' ಅಂದು ಸೀಟಣ್ಣ ಎದ್ದ.

ಪರದೆಯ ಆಚೆ ಅಕ್ಕ ಚಾಪೆಯ ಮೇಲೆ ಕೂತಿದ್ದಳು, ಮಲಗಿರಲಿಲ್ಲ. ಅವನು ಕೊಡದಿಂದ ಸ್ಟೀಲ್ ಲೋಟದಲ್ಲಿ ನೀರು ತುಂಬಿಸಿಕೊಂಡ, ಕುಡಿಯಲಿಲ್ಲ. ಇಲ್ಲಿಗೆ ಬಂದು ಭಾವ ಏನು ಹೇಳುತ್ತಿದ್ದರು ಎಂದು ಕೇಳಿದ.

'ಏನಿಲ್ಲ. ನೀರು ಕುಡೀತಿದ್ರು,' ಅಂದಳು ಅಕ್ಕ. 'ಒಂದು ಸಲ ನಾನೇ ಕೇಳ್ದೆ. ಅಷ್ಟೆಲ್ಲ ಅನ್ನಿಸ್ಕೊಂಡು ಆ ಸೋತ ಮನುಷ್ಯನ್ನ ಯಾಕೆ ಹಿಡ್ಕೊಂಡಿದೀರಿ, ಬಿಡಿ ಅತ್ಲಾಗೆ ಅಂದೆ. ನಕ್ರು. ನಿನ್ನ ತಮ್ಮ ಹೇಳೋದೆಲ್ಲ ಸರಿ ಕಣೆ, ಅವನು ಗೆಲ್ಲಲ್ಲ, ನನಗೆ ಮೊದಲನೇ ದಿನಾನೇ ಗೊತ್ತಿತ್ತು ಅಂದ್ರು. ಆದ್ರೆ ನಾನು ಇವನನ್ನ ಬಿಟ್ರೆ, ನಿನ್ನ ತಮ್ಮ ಯಾರ ಹತ್ರ ಮಾತಾಡ್ತಾನೆ ಅಂದ್ರು.'

ಸೀಟಣ್ಣನಿಗೆ ಮೊದಲು ಗೊತ್ತಾದದ್ದು ಲೋಟದ ತಣುಪು. ಆಮೇಲೆ ಹೆಬ್ಬೆರಳಿನ ನೋವು. ದಬ್ಬಣ ಚುಚ್ಚಿದ ಗಾಯ ಯಾವಾಗಲೋ ಕೀವಾಗಿತ್ತು, ಎಷ್ಟೋ ದಿನದಿಂದ ನೋಯುತ್ತಿದ್ದಿರಬೇಕು. ಈಗ ತೋಳಿನವರೆಗೂ ನೋಯಿತು. ಅವನು ಗೋಡೆಗೆ ಹಣೆ ಕೊಟ್ಟು ಅತ್ತ. ಭಾವ ಹೋದ ಮೇಲೆ ಅವನು ಅತ್ತದ್ದು ಆಗಲೇ. ಅಕ್ಕ ಎದ್ದು ಬಂದು ಅವನ ಕೈಯಿಂದ ಲೋಟ ತೆಗೆದುಕೊಂಡಳು. ಅವಳೂ ಅತ್ತಳು. ಹೊರಗೆ ಯಾರೋ ಟೀವಿಯ ಸದ್ದು ಹೆಚ್ಚು ಮಾಡಿದರು.

'ಹೋಗು, ಕಾಯ್ತಿದಾರೆ,' ಅಂದಳು ಅಕ್ಕ.

ಅವನು ಬಾಯಿ ಒರೆಸಿಕೊಂಡು ಹೊರಗೆ ಬಂದು ದಿಂಬಿನ ಮೇಲೆ ಕೂತ. ಇಬ್ಬರೂ ಅವನ ಕಣ್ಣು ನೋಡದೆ ಟೀವಿ ನೋಡಿದರು. ಓಟ ಮುಗಿಯುತ್ತಿತ್ತು. ನಾಳೆಪ್ಪನ ಹಿಂದೆ ಉಳಿದವನು ಒಬ್ಬನೇ, ಅವನ ಬೈಕಿನಿಂದ ಹೊಗೆ ಬರುತ್ತಿತ್ತು. ಉತ್ತರ ಸಿಕ್ಕಿತೇ ಎಂದು ಕೊರಿಯರಿನವನು ಮೆಲ್ಲಗೆ ಕೇಳಿದ. ಸಿಕ್ಕಿತು, ಹೇಳುವುದಿಲ್ಲ ಎಂದ ಸೀಟಣ್ಣ.

'ನಾಳೆ ನೋಡು,' ಅಂದ.

'ಯಾವ ನಾಳೆ? ಅವನಿಗೆ ತಂಡಾನೇ ಇಲ್ವಲ್ಲ,' ಅಂದ ಕೊರಿಯರಿನವನು.

ತಂಡ ಹೋದರೆ ಹೋಗಲಿ, ವಕೀಲ ಇದ್ದಾನಲ್ಲ ಎಂದ ಸೀಟಣ್ಣ. ಓಡದೆ ಇರುವ ಸವಾರನಿಗೆ ವಕೀಲ ಎಂಥದು ಎಂದು ಕಾಂಪೌಂಡರ್ ಮೇಲೆ ಬಿದ್ದ. ಓಡುತ್ತಿದ್ದಾಗಲೂ ಅವನು ಓಡಿದ್ದನೇ ಎಂದು ಕೊರಿಯರಿನವನು ಸ್ಟೂಲು ತಳ್ಳಿ ಎದ್ದ. ಸೀಟಣ್ಣ ಇಬ್ಬರಿಗೂ ಒಟ್ಟಿಗೇ ತಿರುಗಿ ಬಿದ್ದ. ಮೂರು ದನಿ ಒಂದರ ಮೇಲೊಂದು ಏರಿ, ಯಾರು ಏನು ಹೇಳುತ್ತಿದ್ದಾರೆಂದು ಯಾರಿಗೂ ತಿಳಿಯದಂತಾಯಿತು. ಆಗ ಒಳಗಿನಿಂದ ಕಬ್ಬಿಣದ ಪಟ್ಟಿ ಅಡ್ಡಗೋಡೆಗೆ ದಬದಬ ಬಿತ್ತು.

ಮೂವರೂ ಅರೆಗಳಿಗೆ ಸುಮ್ಮನಾದರು. ಕಾಂಪೌಂಡರ್ ಸ್ಟೂಲಿನ ಕೆಳಗಿನ ಹೊದಿಕೆಯನ್ನು ಕಾಲಿನಿಂದ ಇನ್ನಷ್ಟು ಹಿಂದಕ್ಕೆ ತಳ್ಳಿದ. ಆಮೇಲೆ ಸೀಟಣ್ಣ, ಮೊದಲಿಗಿಂತ ಜೋರಾಗಿ, ಶುರು ಮಾಡಿದ.